‘ಇಲ್ಲ’ ಬೇರೆ, ‘ಕಾಣಲಿಲ್ಲ’ ಬೇರೆ: ಮಲ್ಪೆಯಿಂದ ಚಳ್ಳಕೆರೆವರೆಗೆ ಜೀವಿಗಳ ಗಡಿ ಹುಡುಕುವ ಬಗೆ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಸುರಿಯುತ್ತದೆ. ಅಲ್ಲಿಂದ ಬೆಳಿಗ್ಗೆ ಪೂರ್ವಕ್ಕೆ ಹೊರಟರೆ ಸಂಜೆಯೊಳಗೆ ಚಳ್ಳಕೆರೆ ಸೇರಬಹುದು. ಅಲ್ಲಿ ಬೀಳುವ ಮಳೆ 500 ಮಿ.ಮೀ. ಆಸುಪಾಸು. ಒಂದು ಹಗಲಿನ ಪ್ರಯಾಣದಲ್ಲಿ ಮಳೆ ಇಷ್ಟು ಇಳಿದುಹೋಗುವ ದಾರಿಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ. ಮಳೆ ಇಳಿದಂತೆ ಮರ ಬದಲಾಗುತ್ತದೆ, ಮರದ ಮೇಲಿನ ಹಕ್ಕಿ ಬದಲಾಗುತ್ತದೆ, ಬೇಲಿಯ ಮೇಲಿನ ಓತಿಯೂ ಬದಲಾಗುತ್ತದೆ. ಯಾವ ಜೀವಿ ಎಲ್ಲಿದೆ, ಎಲ್ಲಿಗೆ ನಿಂತುಹೋಗುತ್ತದೆ, ಅಲ್ಲೇ ಯಾಕೆ ನಿಲ್ಲುತ್ತದೆ ಎಂದು ಕೇಳುವ ವಿದ್ಯೆಗೆ ಜೀವಭೂಗೋಳ ಅಂತ ಹೆಸರು. ಹೆಸರು ದೊಡ್ಡದು. ಕೆಲಸ ಮಾತ್ರ ಒಂದು ನೋಟ್‌ಬುಕ್ ಇದ್ದರೆ ನೀವೂ ಮಾಡಬಹುದಾದದ್ದು.

ನಾನು ಈ ದಾರಿಯಲ್ಲಿ ಹಲವು ಸಲ ಓಡಾಡಿದ್ದೇನೆ. ಹೇಗೆ ನೋಡಿದರೆ ಏನು ಸಿಗುತ್ತದೆ ಎಂದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ದಾರಿ ಬೇರೆ ಇರಬಹುದು. ಕಾರವಾರದಿಂದ ಹುಬ್ಬಳ್ಳಿ, ಮಡಿಕೇರಿಯಿಂದ ಮೈಸೂರು, ಯಾವುದಾದರೂ ಸರಿ.

ಮೊದಲು ದಾರಿ

ಘಟ್ಟಕ್ಕೆ ಅಡ್ಡಲಾಗಿ ಹೋಗುವ ದಾರಿ ಬೇಕು. ಘಟ್ಟದ ಉದ್ದಕ್ಕೆ ಹೋದರೆ ಬದಲಾವಣೆ ನಿಧಾನ. ಅಡ್ಡಲಾಗಿ ದಾಟಿದರೆ ಕರಾವಳಿ, ಘಟ್ಟ, ಮಲೆನಾಡು, ಅರೆಮಲೆನಾಡು, ಬಯಲುಸೀಮೆ ಒಂದರ ಹಿಂದೆ ಒಂದು ಬರುತ್ತವೆ. ಅರೆಮಲೆನಾಡು ಅನ್ನುವ ಮಾತನ್ನೇ ನೋಡಿ. ಕಾಡು ಎಲ್ಲಿ ಮುಗಿಯುತ್ತದೆ, ಬಯಲು ಎಲ್ಲಿ ಶುರುವಾಗುತ್ತದೆ ಎಂದು ಒಂದು ಗೆರೆ ಎಳೆದು ಹೇಳಲು ಬರುವುದಿಲ್ಲ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅದಕ್ಕೇ ನಡುವಿನ ಜಾಗಕ್ಕೂ ಒಂದು ಹೆಸರಿಟ್ಟರು.

ನನ್ನ ದಾರಿ ಹೀಗೆ: ಮಲ್ಪೆ, ಉಡುಪಿ, ಹೆಬ್ರಿ, ಸೋಮೇಶ್ವರ, ಆಗುಂಬೆ, ತೀರ್ಥಹಳ್ಳಿ, ಮಂಡಗದ್ದೆ, ಶಿವಮೊಗ್ಗ, ಹೊಳಲ್ಕೆರೆ, ಚಿತ್ರದುರ್ಗ, ಚಳ್ಳಕೆರೆ. ಸುಮಾರು 300 ಕಿ.ಮೀ. ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ. ಮೂರು ದಿನ ಇಟ್ಟುಕೊಳ್ಳಿ. ಹಕ್ಕಿಗಳು ಬೆಳಗಾದ ಮೇಲಿನ ಮೊದಲ ಮೂರು ತಾಸು ಚೆನ್ನಾಗಿ ಸಿಗುತ್ತವೆ, ಮಧ್ಯಾಹ್ನ ಸಿಗುವುದಿಲ್ಲ. ಒಂದೇ ದಿನ ಓಡಿದರೆ ಕರಾವಳಿಯನ್ನು ಬೆಳಿಗ್ಗೆಯೂ ಬಯಲುಸೀಮೆಯನ್ನು ಉರಿಬಿಸಿಲಲ್ಲೂ ನೋಡುತ್ತೀರಿ. ಆಮೇಲೆ ‘ಬಯಲುಸೀಮೆಯಲ್ಲಿ ಹಕ್ಕಿ ಕಡಿಮೆ’ ಎಂದು ಬರೆದುಕೊಂಡು ಬರುತ್ತೀರಿ. ಅದು ಬಯಲುಸೀಮೆಗೆ ಮಾಡುವ ಅನ್ಯಾಯ.

ತಿಂಗಳು? ನನ್ನ ಆಯ್ಕೆ ಫೆಬ್ರುವರಿ ಕೊನೆ ಅಥವಾ ಮಾರ್ಚ್ ಮೊದಲು. ಆಗ ತೇಗ, ಮತ್ತಿ, ನಂದಿ ಎಲ್ಲ ಎಲೆ ಉದುರಿಸಿ ನಿಂತಿರುತ್ತವೆ. ಆಗುಂಬೆ ಕಡೆಯ ಕಾಡು ಮಾತ್ರ ಹಸಿರಾಗಿಯೇ ಇರುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವಾಗ ಆ ಬದಲಾವಣೆ ಕಾರಿನ ಕಿಟಕಿಯಿಂದಲೇ ಕಾಣುತ್ತದೆ. ಮಳೆಗಾಲದಲ್ಲಿ ಎಲ್ಲವೂ ಹಸಿರು, ಗಡಿ ಮುಚ್ಚಿಹೋಗಿರುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಈ ತಿಂಗಳುಗಳು ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಉಣ್ಣಿಯಿಂದ ಹರಡುತ್ತದೆ. ತರಗೆಲೆ ಮೇಲೆ ಕೂರಬೇಡಿ. ಉದ್ದ ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಊರಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಆ ಕಾಡಿನ ಹತ್ತಿರ ಸುಳಿಯಬೇಡಿ. ಆರೋಗ್ಯ ಕೇಂದ್ರದಲ್ಲಿ ಉಣ್ಣಿಗೆ ಹಚ್ಚುವ ಎಣ್ಣೆ ಕೇಳಿ, ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವುದಕ್ಕೆ. ರಕ್ಷಿತ ಅರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡುವುದು ತಪ್ಪು. ಅಷ್ಟಕ್ಕೂ ನಮ್ಮ ಕೆಲಸಕ್ಕೆ ರಸ್ತೆ ಬದಿ, ತೋಟದ ಅಂಚು, ಊರ ಕೆರೆ ಸಾಕು.

ಹುಡುಕುವುದು ಯಾರನ್ನು?

ಎಲ್ಲವನ್ನೂ ನೋಡಲು ಹೋದವರು ಏನನ್ನೂ ನೋಡಿರುವುದಿಲ್ಲ. ಹತ್ತು ಹದಿನೈದು ಜೀವಿ ಆರಿಸಿಕೊಳ್ಳಿ. ಆದಷ್ಟು ಜೋಡಿಯಾಗಿ ಆರಿಸಿ. ಹತ್ತಿರದ ನೆಂಟರು, ಒಬ್ಬರು ಒದ್ದೆ ಜಾಗದವರು, ಇನ್ನೊಬ್ಬರು ಒಣ ಜಾಗದವರು. ಹೀಗಿದ್ದರೆ ಒಬ್ಬರು ಕಡಿಮೆಯಾಗಿ ಇನ್ನೊಬ್ಬರು ಬರುವುದು ಕಣ್ಣಿಗೆ ಬೀಳುತ್ತದೆ.

ನನಗೆ ತುಂಬಾ ಇಷ್ಟವಾದ ಜೋಡಿ ಎರಡು ಮಂಗಟ್ಟೆ ಹಕ್ಕಿಗಳದ್ದು. ಎರಡೂ ಬೂದು ಬಣ್ಣ, ಎರಡೂ ಅತ್ತಿ ಆಲದ ಹಣ್ಣಿಗೆ ಬರುತ್ತವೆ. ಮಲಬಾರ್ ಬೂದು ಮಂಗಟ್ಟೆ ಪಶ್ಚಿಮ ಘಟ್ಟದ್ದೇ ಹಕ್ಕಿ, ಬೇರೆಲ್ಲೂ ಇಲ್ಲ. ಬರೀ ಬೂದು ಮಂಗಟ್ಟೆ ಬಯಲಿನದು. ಕೊಕ್ಕು ನೋಡಿ. ಬಯಲಿನದಕ್ಕೆ ಕೊಕ್ಕಿನ ಮೇಲೆ ಚೂಪಾದ ಸಣ್ಣ ಕೊಂಬಿನಂಥದ್ದು ಇರುತ್ತದೆ. ಘಟ್ಟದ್ದಕ್ಕೆ ಅದಿಲ್ಲ, ಕೊಕ್ಕು ಹಳದಿ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಬಾಲ ನೋಡಿ. ಬಯಲಿನದಕ್ಕೆ ಬಾಲ ಉದ್ದ, ತುದಿಗೆ ಬಿಳಿ, ಅದರ ಮೇಲೊಂದು ಕಪ್ಪು ಪಟ್ಟಿ. ಎರಡೂ ಕಾಣದಷ್ಟು ದೂರದಲ್ಲಿದ್ದರೆ ಕಿವಿ ಕೊಡಿ. ಬಯಲಿನದು ಹದ್ದಿನ ಹಾಗೆ ಕೀರಲು ದನಿಯಲ್ಲಿ ಕೂಗುತ್ತದೆ. ಘಟ್ಟದ್ದು ಕೂಗಿದರೆ ಮರದ ಮೇಲೆ ಯಾರೋ ಗಹಗಹಿಸಿ ನಕ್ಕ ಹಾಗೆ. ಒಂದು ಸಲ ಕೇಳಿದರೆ ಮರೆಯುವುದಿಲ್ಲ.

ಎರಡನೇ ಜೋಡಿ ಓತಿಗಳದ್ದು. ಮಲೆನಾಡಿನ ಅಡಿಕೆ ತೋಟದಲ್ಲಿ ಹಾರುವ ಓತಿ. ಕಾಂಡದ ಬಣ್ಣಕ್ಕೆ ಅಂಟಿಕೊಂಡು ಕೂತಿರುತ್ತದೆ. ಗಂಟಲ ಕೆಳಗಿನ ಹಳದಿ ಚರ್ಮವನ್ನು ಆಗಾಗ ಚಾಚುತ್ತದೆ, ಅದೇ ಸುಳಿವು. ಚಿತ್ರದುರ್ಗದ ಗುಂಡುಗಳ ಮೇಲೆ ಬಂಡೆ ಓತಿ. ಬೆದೆಯ ಕಾಲದಲ್ಲಿ ಗಂಡಿನ ಬೆನ್ನು ಕೆಂಪು ಕಿತ್ತಳೆಯಾಗುತ್ತದೆ, ಹೊಟ್ಟೆ ಬದಿ ಕಪ್ಪಗಾಗುತ್ತದೆ. ಒಂದಕ್ಕೆ ಮರದಿಂದ ಮರಕ್ಕೆ ತೇಲಲು ಹತ್ತಿರ ಹತ್ತಿರ ಮರ ಬೇಕು. ಇನ್ನೊಂದಕ್ಕೆ ಬಿಸಿಲು ಕಾಯಲು ಬರಿಬಂಡೆ ಬೇಕು.

ಪಿಕಳಾರಗಳನ್ನು (ಬುಲ್‌ಬುಲ್ ಹಕ್ಕಿ) ಸೇರಿಸಿಕೊಳ್ಳಿ, ಅವು ಎಲ್ಲ ಕಡೆ ಸಿಗುತ್ತವೆ. ಕೆನ್ನೆಯ ಮೇಲೆ ಕೆಂಪು ಚುಕ್ಕೆ, ನೆಟ್ಟಗೆ ನಿಂತ ಜುಟ್ಟು ಇದ್ದರೆ ಕೆಮ್ಮೀಸೆ ಪಿಕಳಾರ. ತಲೆಯೆಲ್ಲ ಕಪ್ಪು, ಬಾಲದ ಬುಡದ ಕೆಳಗೆ ಕೆಂಪು ಇದ್ದರೆ ಇನ್ನೊಂದು. ಮೊದಲನೆಯದು ತೇವ ಇರುವ ಕಡೆ ಜಾಸ್ತಿ, ಎರಡನೆಯದು ಒಣ ಕುರುಚಲಿನಲ್ಲಿ ಜಾಸ್ತಿ. ಎಷ್ಟೋ ಕಡೆ ಎರಡೂ ಒಟ್ಟಿಗೇ ಇರುತ್ತವೆ. ಹಾಗಾಗಿ ಇವನ್ನು ‘ಇದೆ’ ಎಂದು ಬರೆದರೆ ಸಾಲದು, ಎಣಿಸಬೇಕು. ಕಾಗೆಗಳೂ ಹಾಗೇ. ಬೂದು ಕತ್ತಿನ ಊರಕಾಗೆ ಜನ ಇರುವಲ್ಲಿ, ಪೂರ್ತಿ ಕಪ್ಪಿನ ಕಾಡುಕಾಗೆ ಮರ ಇರುವಲ್ಲಿ ಹೆಚ್ಚು. ಗರುಡ ಮತ್ತು ಹದ್ದು ಇನ್ನೊಂದು ಒಳ್ಳೆಯ ಜೋಡಿ. ಮಲ್ಪೆ ಬಂದರಿನಲ್ಲಿ ತಲೆ ಎತ್ತಿದರೆ ಗರುಡ. ಒಳನಾಡಿಗೆ ಹೋದಂತೆ ಕೆರೆ ಹೊಳೆ ಇದ್ದಲ್ಲಿ ಮಾತ್ರ ಕಾಣುತ್ತದೆ.

ಮರಗಳಲ್ಲಿ ಐದು ಸಾಕು: ಅಳಿವೆಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ, ಹೆಬ್ಬಲಸು, ಮತ್ತಿ, ಮುತ್ತುಗ, ಕಮರ. ಈ ಪಟ್ಟಿ ಕಡಲಿನಿಂದ ಬಯಲಿಗೆ ಹೋಗುವ ಕ್ರಮದಲ್ಲೇ ಇದೆ.

ನಿಲ್ಲುವುದು, ನೋಡುವುದು

ಸುಮಾರು 15 ಕಿ.ಮೀ.ಗೆ ಒಂದು ನಿಲುಗಡೆ. ಪ್ರತಿ ಕಡೆ ಸರಿಯಾಗಿ 20 ನಿಮಿಷ. ಚೆಂದದ ಜಾಗ ಎಂದು ಒಂದು ಗಂಟೆ ನಿಂತು, ಬೋಳು ಜಾಗ ಎಂದು ಐದು ನಿಮಿಷಕ್ಕೆ ಹೊರಟುಬಿಟ್ಟರೆ ಎರಡನ್ನೂ ಹೋಲಿಸಲು ಆಗುವುದಿಲ್ಲ. ಫೋನಿನಲ್ಲಿ ಜಿಪಿಎಸ್ ಅಂಕಿ ನೋಡಿ ಬರೆದುಕೊಳ್ಳಿ. ಸಮಯ, ಮೋಡ, ಗಾಳಿ ಬರೆಯಿರಿ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಎಲ್ಲೂ ಗಾಡಿ ನಿಲ್ಲಿಸಬೇಡಿ, ಅಪಾಯ. ಕೆಳಗೆ ಸೋಮೇಶ್ವರದಲ್ಲಿ ಒಮ್ಮೆ, ಮೇಲೆ ಆಗುಂಬೆಯಲ್ಲಿ ಒಮ್ಮೆ ನಿಂತರೆ ಘಾಟಿಯ ಬುಡ ಮತ್ತು ತಲೆ ಎರಡೂ ಸಿಕ್ಕಂತೆ.

ಪ್ರತಿ ನಿಲುಗಡೆಯಲ್ಲಿ ಮೊದಲು ನೆಲ ನೋಡಿ. ಕರಾವಳಿಯಲ್ಲಿ ಜಂಬಿಟ್ಟಿಗೆ, ಚಿತ್ರದುರ್ಗದಲ್ಲಿ ಬಂಡೆ ಮತ್ತು ಕೆಂಪು ಮಣ್ಣು, ಅದರಾಚೆ ಅಲ್ಲಲ್ಲಿ ಎರೆ. ಆಮೇಲೆ ರಸ್ತೆಯಂಚಲ್ಲಿ ಬಿದ್ದ ಹತ್ತು ಎಲೆ ಕೋಲಿನಿಂದ ಸರಿಸಿ ಹೆಕ್ಕಿ, ಬೇರೆ ಬೇರೆ ಗಿಡದ್ದು. ನೋಟ್‌ಬುಕ್ ಹಾಳೆಯ ಮೇಲೆ ಸಾಲಾಗಿ ಇಟ್ಟು ಫೋಟೊ ತೆಗೆಯಿರಿ. ಇದೊಂದು ಕೆಲಸ ದಯವಿಟ್ಟು ತಪ್ಪಿಸಬೇಡಿ. ಆಗುಂಬೆಯ ಎಲೆಗಳು ದಪ್ಪ, ಮೇಲ್ಭಾಗ ಹೊಳಪು, ಎಷ್ಟೋ ಎಲೆಗಳಿಗೆ ತುದಿಯಲ್ಲಿ ಸಣ್ಣ ಬಾಲದ ಹಾಗೆ ಚೂಪು. ಮಳೆನೀರು ಆ ತುದಿಯಿಂದ ತೊಟ್ಟಿಕ್ಕಿ ಹೋಗುತ್ತದೆ. ಮಂಡಗದ್ದೆಯ ಹತ್ತಿರ ತೇಗದ ಎಲೆ ಸಿಗುತ್ತದೆ, ಅಂಗೈಗಿಂತ ಎಷ್ಟೋ ದೊಡ್ಡದು, ಮುಟ್ಟಿದರೆ ಉಪ್ಪುಕಾಗದದ ಹಾಗೆ ಒರಟು. ಚಳ್ಳಕೆರೆಗೆ ಬಂದರೆ ಹತ್ತು ಎಲೆ ಹೆಕ್ಕುವುದೇ ಕಷ್ಟ. ಜಾಲಿಯ ಎಲೆ ಉಗುರಿಗಿಂತ ಚಿಕ್ಕ ಚೂರುಗಳಾಗಿ ಉದುರಿರುತ್ತದೆ. ಎಲೆಯ ಬದಲು ಮುಳ್ಳೇ ಕೈಗೆ ಸಿಗುತ್ತದೆ. ಮನೆಗೆ ಬಂದು ಆ ಫೋಟೊಗಳನ್ನು ಸಾಲಾಗಿ ಜೋಡಿಸಿ ನೋಡಿ. ನೀರು ಎಲ್ಲಿ ಸಾಲದೆ ಹೋಯಿತು ಎಂದು ಎಲೆಗಳೇ ಹೇಳುತ್ತವೆ.

ಎಲ್ಲಕ್ಕಿಂತ ಸುಲಭವಾಗಿ ಕಾಣುವ ಗಡಿ ದಾರಿಯ ಮೊದಲಲ್ಲೇ ಇದೆ. ಮಲ್ಪೆ ಸುತ್ತಿನ ಅಳಿವೆಗಳಲ್ಲಿ ಕಾಂಡ್ಲಾ ಮರಗಳಿವೆ. ಉಬ್ಬರದ ಉಪ್ಪುನೀರು ಬರುವಷ್ಟು ದೂರ ಅವು. ಹೊಳೆಯ ದಂಡೆಯಲ್ಲೇ ಮೇಲಕ್ಕೆ ಹೋಗಿ ನೋಡಿ, ಒಂದು ಕಡೆ ಅವು ನಿಲ್ಲುತ್ತವೆ. ಅಲ್ಲಿನ ಜನರನ್ನು ಕೇಳಿ: ‘ಇಲ್ಲಿವರೆಗೆ ಉಪ್ಪುನೀರು ಬರ್ತದಾ?’ ಉತ್ತರ ಮತ್ತು ಮರ ಎರಡನ್ನೂ ಪಕ್ಕಪಕ್ಕ ಬರೆಯಿರಿ.

ಹೆಸರು ಕೇಳುವಾಗ

ಊರವರನ್ನು ಕೇಳದೆ ಈ ಕೆಲಸ ಪೂರ್ತಿಯಾಗುವುದಿಲ್ಲ. ಮಳೆಗಾಲದಲ್ಲಿ ಉಪ್ಪಾಗೆ ಹೆಕ್ಕಿ, ಸಿಪ್ಪೆ ಬಿಡಿಸಿ, ಹೊಗೆಯ ಮೇಲೆ ಒಣಗಿಸುವ ಮನೆಯವರಿಗೆ ಆ ಮರ ಯಾವ ಗುಡ್ಡದವರೆಗೆ ಇದೆ, ಯಾವ ಗುಡ್ಡದಾಚೆ ಇಲ್ಲ ಎಂದು ಕಣ್ಣುಮುಚ್ಚಿ ಹೇಳಲು ಬರುತ್ತದೆ. ಕುರಿ ಕಾಯುವವರಿಗೆ ಕಾವಲಿನ ಯಾವ ಮೂಲೆಯಲ್ಲಿ ಯಾವ ಹುಲ್ಲು ಎಂದು ಗೊತ್ತಿರುತ್ತದೆ. ಎಷ್ಟೋ ಸಲ ಪುಸ್ತಕದ ನಕ್ಷೆಗಿಂತ ಇದು ನಿಖರ.

ಹೆಸರಿನಲ್ಲಿ ಎರಡು ಮೋಸಗಳಿವೆ, ನೋಡಿಕೊಳ್ಳಿ. ಒಂದೇ ಮರಕ್ಕೆ ಎರಡು ಹೆಸರು: ಕರಾವಳಿಯ ಪುನರ್ಪುಳಿ ಘಟ್ಟದ ಮೇಲೆ ಮುರುಗಲು. ಗೊತ್ತಿಲ್ಲದಿದ್ದರೆ ಒಂದು ಮರ ನಿಂತು ಇನ್ನೊಂದು ಶುರುವಾಯಿತು ಎಂದು ಬರೆದುಬಿಡುತ್ತೀರಿ. ಇನ್ನೊಂದು ಮೋಸ, ಒಂದೇ ಹೆಸರಲ್ಲಿ ಬೇರೆ ಬೇರೆ ಗಿಡ. ಕರಿಜಾಲಿ ನಮ್ಮ ಕೆರೆ ಬಯಲಿನ ಹಳೆಯ ಮರ. ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದದ್ದು. ಎರಡೂ ಜಾಲಿಯೇ. ಆದರೆ ಮೊದಲನೆಯದು ಅಲ್ಲಿರುವುದಕ್ಕೂ ಎರಡನೆಯದು ಅಲ್ಲಿರುವುದಕ್ಕೂ ಕಾರಣ ಪೂರ್ತಿ ಬೇರೆ.

ಮೂರು ಗುರುತು

ನೋಟ್‌ಬುಕ್‌ನಲ್ಲಿ ಅಡ್ಡಕ್ಕೆ ನಿಲುಗಡೆಗಳು, ಉದ್ದಕ್ಕೆ ಜೀವಿಗಳು. ಕಂಡರೆ ಮನೆ ತುಂಬಿ, ಎಣಿಕೆ ಬರೆಯಿರಿ. ಹುಡುಕಿದಿರಿ, ಕಾಣಲಿಲ್ಲ ಎಂದರೆ ಸೊನ್ನೆ. ಹುಡುಕಲೇ ಇಲ್ಲ ಎಂದರೆ ಖಾಲಿ ಬಿಡಿ. ಸೊನ್ನೆಗೂ ಖಾಲಿಗೂ ಇರುವ ವ್ಯತ್ಯಾಸವೇ ಈ ಕೆಲಸದ ಜೀವ.

ನನಗೆ ಇದು ತಡವಾಗಿ ತಿಳಿಯಿತು. ಒಮ್ಮೆ ತೀರ್ಥಹಳ್ಳಿಯ ಹತ್ತಿರ ಮಧ್ಯಾಹ್ನ 12 ಗಂಟೆಗೆ ನಿಂತು, ಘಟ್ಟದ ಮಂಗಟ್ಟೆ ‘ಇಲ್ಲ’ ಎಂದು ಬರೆದೆ. ಅದರ ಗಡಿ ಅದಕ್ಕಿಂತ ಪಶ್ಚಿಮಕ್ಕೇ ನಿಂತಿತು ಎಂದು ನಕ್ಷೆಯಲ್ಲಿ ಗೆರೆಯನ್ನೂ ಎಳೆದೆ. ಮುಂದಿನ ತಿಂಗಳು ಅದೇ ಜಾಗದಲ್ಲಿ ಬೆಳಿಗ್ಗೆ ಆರೂವರೆಗೆ ನಿಂತಾಗ, ಹಣ್ಣಾದ ಅತ್ತಿಮರದಲ್ಲಿ ನಾಲ್ಕು ಹಕ್ಕಿ ಒಟ್ಟಿಗೆ ಕೂತು ನಗುತ್ತಿದ್ದವು. ನಾನು ಬರೆಯಬೇಕಿದ್ದದ್ದು ‘ಕಾಣಲಿಲ್ಲ’ ಎಂದು. ‘ಇಲ್ಲ’ ಎನ್ನುವ ಹಕ್ಕು ಹಲವು ಸಲ, ಹಲವು ಹೊತ್ತು, ಹಲವು ಕಾಲದಲ್ಲಿ ಹೋಗಿ ನೋಡಿದ ಮೇಲೆ ಬರುತ್ತದೆ.

ಕಂಡ ಹಕ್ಕಿಗಳ ಪಟ್ಟಿ ಹಾಕುವ ಈಬರ್ಡ್ ಜಾಲತಾಣ ಬಳಸುವವರಿಗೆ ಇದು ಗೊತ್ತಿರುತ್ತದೆ. ಪಟ್ಟಿ ಸಲ್ಲಿಸುವ ಮೊದಲು, ಗುರುತಿಸಲು ಬಂದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಎಂದು ಅದು ಕೇಳುತ್ತದೆ, ಅಲ್ವಾ? ಹೌದು ಎಂದರೆ, ನೀವು ಬರೆಯದ ಹಕ್ಕಿಗಳಿಗೂ ಬೆಲೆ ಬಂತು. ಹಾಗಾಗಿ ಚೆಂದದ ಹಕ್ಕಿ ಮಾತ್ರ ಬರೆದು ‘ಹೌದು’ ಒತ್ತಬೇಡಿ. ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಜನ ಸ್ವಯಂಸೇವಕರು ಇಡೀ ರಾಜ್ಯವನ್ನು ಚೌಕಗಳಾಗಿ ಹಂಚಿಕೊಂಡು ಹಕ್ಕಿ ಎಣಿಸಿದರು. ಮಳೆಯಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ. ಅದಕ್ಕೂ ಮೊದಲೇ ನಮ್ಮ ಮೈಸೂರು ನಗರದಲ್ಲಿ ಇಂಥದೊಂದು ಹಕ್ಕಿ ನಕಾಶೆ ಶುರುವಾಗಿತ್ತು. ಅಲ್ಲೆಲ್ಲ ಬೆಲೆ ಬಂದದ್ದು ಒಂದೇ ರೀತಿ ನೋಡಿದ್ದಕ್ಕೆ, ಸೊನ್ನೆಯನ್ನೂ ಬರೆದದ್ದಕ್ಕೆ.

ಗಿಡ, ಓತಿ, ಕಪ್ಪೆ, ಚಿಟ್ಟೆಗಳ ಫೋಟೊಗೆ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಒಳ್ಳೆಯದು. ಅಪರೂಪದ ಜೀವಿ ಸಿಕ್ಕರೆ ಜಾಗದ ನಿಖರ ಗುರುತನ್ನು ವಾಟ್ಸಾಪ್ ಗುಂಪುಗಳಲ್ಲಿ ಹಾಕಬೇಡಿ. ಹಿಡಿಯುವವರೂ ಅದನ್ನು ಓದುತ್ತಾರೆ.

ಗಡಿ ಸಿಕ್ಕ ಮೇಲೆ: ಯಾಕೆ ಅಲ್ಲೇ?

ಹಾಳೆಯಲ್ಲಿ ತುಂಬಿದ ಮನೆಗಳು ಒಂದು ಕಡೆ ತೆಳುವಾಗಿ, ಆಮೇಲೆ ಸೊನ್ನೆಗಳು ಶುರುವಾಗುತ್ತವೆ. ಅಲ್ಲಿಂದ ಪ್ರಶ್ನೆ ಕೇಳಲು ಶುರು ಮಾಡಿ.

ಮೊದಲ ಪ್ರಶ್ನೆ, ಅಲ್ಲಿ ಅದಕ್ಕೆ ಬದುಕಲು ಆಗುವುದಿಲ್ಲವೇ? ಇಲ್ಲಿ ಮಳೆಯ ಒಟ್ಟು ಲೆಕ್ಕ ಒಂದನ್ನೇ ಹಿಡಿಯಬೇಡಿ. ಆಗುಂಬೆಯಲ್ಲಿ ಬೀಳುವಷ್ಟು ಮಳೆ ದಕ್ಷಿಣ ಕೇರಳದ ಎಷ್ಟೋ ಕಾಡುಗಳಲ್ಲಿ ಬೀಳುವುದಿಲ್ಲ. ಆದರೆ ಆಗುಂಬೆಯ ಮಳೆಯಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದು ಮುಗಿಯುತ್ತದೆ. ಆಮೇಲೆ ಉದ್ದದ ಒಣಗಾಲ. ದಕ್ಷಿಣದಲ್ಲಿ ಒಣ ತಿಂಗಳು ಕಡಿಮೆ, ಘಟ್ಟದುದ್ದಕ್ಕೆ ಉತ್ತರಕ್ಕೆ ಹೋದಂತೆ ಜಾಸ್ತಿ. ದಕ್ಷಿಣದ ಎಷ್ಟೋ ಮರಗಳು ನಮ್ಮ ಕಡೆ ಬರದಿರುವುದಕ್ಕೆ ಇದೊಂದು ದೊಡ್ಡ ಕಾರಣ. ಪುದುಚೇರಿಯ ಫ್ರೆಂಚ್ ಸಂಸ್ಥೆ ಮಾಡಿದ ಪಶ್ಚಿಮ ಘಟ್ಟದ ಕಾಡಿನ ನಕ್ಷೆಗಳಲ್ಲಿ ಒಣ ತಿಂಗಳುಗಳ ಎಣಿಕೆಗೆ ದೊಡ್ಡ ಜಾಗವಿದೆ. ನಿಮ್ಮ ಪ್ರತಿ ನಿಲುಗಡೆಗೂ ‘ಬಾವಿ ಯಾವ ತಿಂಗಳಲ್ಲಿ ಬತ್ತುತ್ತದೆ?’ ಎಂದು ಕೇಳಿ ಬರೆಯಿರಿ. ಮಳೆಯ ಅಂಕಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೆಲವಕ್ಕೆ ಬೇಕಾದ ಜಾಗವೇ ಚೂರು ಚೂರು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ಜಿನುಗುವ ಕೆಸರು, ಅದರಿಂದ ಮಂಡಿಯ ಹಾಗೆ ಬಗ್ಗಿ ಮೇಲೆದ್ದ ಉಸಿರು ಬೇರುಗಳು. 2000ರಲ್ಲಿ ವಿಜ್ಞಾನಿಗಳು ಹೊಸದೆಂದು ವಿವರಿಸಿದ ಗೇರಿನ ನೆಂಟ ಮರವೊಂದಕ್ಕೆ ಕತ್ತಲೆಕಾನಿನ ಹೆಸರೇ ಇದೆ. ಕುಂಬಾರ ಕಪ್ಪೆ ಇದೇ ಸೀಮೆಯದು. ಕೆ.ವಿ. ಗುರುರಾಜ ಮತ್ತು ಜೊತೆಗಾರರು 2014ರಲ್ಲಿ ಅದನ್ನು ವಿವರಿಸಿದರು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಮುಂಗೈಗಳಲ್ಲಿ ಮಣ್ಣು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ, ಮಡಕೆಗೆ ಮಣ್ಣು ಬಳಿದ ಹಾಗೆ. ತೊರೆ, ಕೆಸರು, ನೆರಳು ಮೂರೂ ಒಟ್ಟಿಗೆ ಇರುವ ಜಾಗ ಮುಗಿದರೆ ಇಂಥ ಜೀವಿಯ ಸೀಮೆಯೂ ಮುಗಿಯಿತು.

ಎರಡನೇ ಪ್ರಶ್ನೆ, ಅಲ್ಲಿಗೆ ಹೋಗಲು ದಾರಿ ಇದೆಯೇ? ಇಂಡೊನೇಷ್ಯಾದ ಬಾಲಿ ಮತ್ತು ಲೊಂಬೊಕ್ ದ್ವೀಪಗಳ ನಡುವಿನ ಜಲಸಂಧಿ ಸುಮಾರು 35 ಕಿ.ಮೀ. ಅಗಲ. ಬ್ರಿಟಿಷ್ ಪ್ರಕೃತಿ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ 1856ರಲ್ಲಿ ಅದನ್ನು ದಾಟಿದಾಗ ಹಕ್ಕಿಗಳೇ ಬದಲಾಗಿಹೋಗಿದ್ದವು. ಬಾಲಿಯಲ್ಲಿ ಏಷ್ಯಾದವು, ಲೊಂಬೊಕ್‌ನಲ್ಲಿ ಆಸ್ಟ್ರೇಲಿಯಾ ಕಡೆಯ ಕಾಕಟೂ. ಹವಾಮಾನ ಹೆಚ್ಚುಕಡಿಮೆ ಒಂದೇ. ನಡುವಿನ ಆಳ ನೀರು ಮಾತ್ರ ಯಾವತ್ತೂ ಬತ್ತಿರಲಿಲ್ಲ. ನಮ್ಮಲ್ಲಿ ಸಮುದ್ರದ ಬದಲು ಒಣ ಬಯಲು ಆ ಕೆಲಸ ಮಾಡುತ್ತದೆ. ದೊಡ್ಡ ಮಂಗಟ್ಟೆ ಪಶ್ಚಿಮ ಘಟ್ಟದಲ್ಲಿದೆ, ಮತ್ತೆ ಹಿಮಾಲಯದ ಬುಡ ಮತ್ತು ಈಶಾನ್ಯ ಭಾರತದಲ್ಲಿದೆ, ನಡುವೆ ಇಲ್ಲ. ಸುಂದರ್ ಲಾಲ್ ಹೋರಾ ಎಂಬ ಮೀನು ವಿಜ್ಞಾನಿ, ಹಿಂದೊಮ್ಮೆ ಸಾತ್ಪುರ ಬೆಟ್ಟಸಾಲು ಈ ಎರಡರ ನಡುವೆ ಸೇತುವೆಯಾಗಿದ್ದಿರಬೇಕು ಎಂದಿದ್ದರು. ಅದರ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ. ಇದರ ತಿರುಗುಮುರುಗು ಉದಾಹರಣೆ ಬಯಲುಸೀಮೆಯಲ್ಲೇ ಇದೆ. ಹಳದಿ ಕತ್ತಿನ ಪಿಕಳಾರ ಹಂಪಿ, ನಂದಿಬೆಟ್ಟದಂಥ ಕಲ್ಲುಗುಡ್ಡಗಳ ಹಕ್ಕಿ. ಗುಡ್ಡ ಬಿಟ್ಟು ಕೆಳಗಿನ ಹೊಲದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದಕ್ಕೆ ಒಂದೊಂದು ಗುಡ್ಡವೂ ಒಂದೊಂದು ದ್ವೀಪ.

ಮೂರನೆಯದು, ಗಡಿ ಸರಿಸಿದ್ದು ಮನುಷ್ಯರೇ? ಈ ಪ್ರಶ್ನೆಗೆ ನಮ್ಮ ದಾರಿಯಲ್ಲಿ ಚೆನ್ನಗಿರಿ, ಹೊಳಲ್ಕೆರೆ ಭಾಗ ತುಂಬಾ ಮುಖ್ಯ. ಮಳೆ ಕಡಿಮೆ, ಆದರೆ ನಾಲೆ ಮತ್ತು ಕೊಳವೆಬಾವಿಯ ನೀರಿನಿಂದ ಎಲ್ಲಿ ನೋಡಿದರೂ ಅಡಿಕೆ. ಮಲೆನಾಡಿನ ನೆರಳನ್ನು ನೀರು ಹಾಯಿಸಿ ಬಯಲಿಗೆ ತಂದ ಹಾಗೆ. ಆ ನೆರಳಿನ ಹಿಂದೆ ಯಾವ ಜೀವಿಗಳು ಬಂದಿವೆ? ತೋಟದ ಮಾಲೀಕರನ್ನು ಕೇಳಿ, ಒಳಗೆ ಹೋಗಿ, ಒಂದೊಂದೇ ಕಾಂಡ ನೋಡುತ್ತಾ ಹಾರುವ ಓತಿಯನ್ನು ಹುಡುಕಿ. ಕಂಡರೂ ಬರೆಯಿರಿ, ಕಾಣದಿದ್ದರೂ ಬರೆಯಿರಿ. ಇದಕ್ಕೆ ಎದುರು ದಿಕ್ಕಿನಲ್ಲಿ ನವಿಲು ಹೊರಟಿದೆ. ಒಣ ಸೀಮೆಯ ಹಕ್ಕಿ ಎಂದೇ ನಾವು ತಿಳಿದದ್ದು. ಈಗ ಕರಾವಳಿ, ಮಲೆನಾಡಿನ ಗದ್ದೆ ತೋಟಗಳಲ್ಲೂ ಕೂಗುತ್ತಿದೆ. ಕೇರಳದಲ್ಲೂ ಹರಡಿದೆ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ಅವರು ಚಿಕ್ಕವರಿದ್ದಾಗ ಮನೆಯಿಂದ ನವಿಲಿನ ಕೂಗು ಕೇಳುತ್ತಿತ್ತೇ ಎಂದು. ಆ ಉತ್ತರಕ್ಕೂ ಹಾಳೆಯಲ್ಲಿ ಒಂದು ಸಾಲು ಇಡಿ, ಇಸವಿಯ ಅಂದಾಜಿನ ಜೊತೆ.

ಇನ್ನು ಕೆಲವು ಕಡೆ ಕಾರಣ ನೋಡಲು ತುಂಬಾ ಹಿಂದಕ್ಕೆ ಹೋಗಬೇಕಾಗುತ್ತದೆ. 2003ರಲ್ಲಿ ಕೇರಳದ ಘಟ್ಟದಿಂದ ವಿವರಿಸಿದ ನೇರಳೆ ಕಪ್ಪೆಯ ಹತ್ತಿರದ ನೆಂಟರು ಇರುವುದು ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಗಳಲ್ಲಿ. ಭಾರತ ಮತ್ತು ಸೆಶೆಲ್ಸ್ ಒಂದೇ ನೆಲವಾಗಿದ್ದ ಕಾಲದ ನೆಂಟಸ್ತಿಕೆ ಅದು, ಆರು ಕೋಟಿ ವರ್ಷಕ್ಕೂ ಹಳೆಯದು.

ಮತ್ತೆ ಹೋಗುವುದು

ಒಂದು ಸಲದ ಹಾಳೆಯಿಂದ ಗೆರೆ ಎಳೆಯಬೇಡಿ. ಅದೇ ನಿಲುಗಡೆ, ಅದೇ 20 ನಿಮಿಷ, ಈ ಸಲ ದಿಕ್ಕು ತಿರುಗಿಸಿ. ಚಳ್ಳಕೆರೆಯಲ್ಲಿ ಬೆಳಗಾಗಲಿ, ಮಲ್ಪೆಯಲ್ಲಿ ಮುಗಿಯಲಿ. ಮೊದಲ ಸಲ ಮಧ್ಯಾಹ್ನ ನೋಡಿದ ಜಾಗಗಳಲ್ಲಿ ಕೆಲವಾದರೂ ಈಗ ಬೆಳಿಗ್ಗೆ ಸಿಗುತ್ತವೆ. ನಂತರ ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಗೆ ಒಮ್ಮೆ ಹೋಗಿ. ಮೂರು ಹಾಳೆಗಳನ್ನು ಒಂದರ ಕೆಳಗೆ ಒಂದು ಅಂಟಿಸಿ. ಮೂರರಲ್ಲೂ ಸೊನ್ನೆ ಬಂದ ಮನೆಗೆ ಮಾತ್ರ ಪೆನ್ಸಿಲ್‌ನಲ್ಲಿ ಸಣ್ಣದಾಗಿ ‘ಇಲ್ಲ’ ಎಂದು ಬರೆಯಿರಿ. ಪೆನ್ನು ಬೇಡ.